ದಾರಿ ಮೇಲಿನ ಜಾತಿ



ಧಮ್ಮಚಕ್ರ ಪ್ರವರ್ತನ ದಿನ ಅಂದ್ರೆ ನಮ್ಮವರು ಮಕ್ಕಳು, ವಯಸ್ಸಾದ ಅಪ್ಪ-ಅವ್ವನ್ನ ಕರ್ಕೊಂಡು ಕಾರಲ್ಲಿ ನಾಗಪುರದ ದೀಕ್ಷಾಭೂಮಿಗೆ ಹೊರಡ್ತಾರೆ. ಬೆಂಗಳೂರಿಂದ ಹೈದರಾಬಾದ್ ಮೇಲೆ ಸಾವಿರ ಕಿಲೋಮೀಟರಿಗೂ ಜಾಸ್ತಿ. ಹೊರಡೋರಿಗೆ ಕೆಲವು ಮಾತು.

ರಸ್ತೆ ಸುರಕ್ಷತೆ ಅಂದ್ರೆ ಟೈರು, ಬ್ರೇಕು, ಬೆಲ್ಟು ಅಂತಾರೆ. ನಿಜ. ಆದರೆ ಈ ದೇಶದಲ್ಲಿ ಜಾತಿಯೂ ರಸ್ತೆಯ ಅಪಾಯವೇ. 1901ರಲ್ಲಿ ಬಾಲಕ ಭೀಮರಾವ್, ಅಣ್ಣ ಮತ್ತು ಅಕ್ಕನ ಮಕ್ಕಳ ಜೊತೆ ಗೋರೆಗಾಂವ್‌ನಲ್ಲಿದ್ದ ತಂದೆಯನ್ನು ನೋಡಲು ಸಾತಾರಾದಿಂದ ಹೊರಟರು. ಮಸೂರ್ ಸ್ಟೇಷನ್ನಿನಲ್ಲಿ ಜಾತಿ ತಿಳಿದ ಮೇಲೆ ಎತ್ತಿನಗಾಡಿಯವರು ಯಾರೂ ಒಪ್ಪಲಿಲ್ಲ. ಕೊನೆಗೆ ಒಬ್ಬ ಒಪ್ಪಿದ್ದು ಹೇಗೆ? ಬಾಡಿಗೆ ದುಪ್ಪಟ್ಟು, ಗಾಡಿ ಹುಡುಗರೇ ಹೊಡೀಬೇಕು, ಅವನು ಪಕ್ಕದಲ್ಲಿ ನಡೀತಾನೆ. ಬುತ್ತಿ ಇತ್ತು, ನೀರಿರಲಿಲ್ಲ. ಸುಂಕದ ಕಟ್ಟೆಯಲ್ಲಿ ಕೇಳಿದರೂ ಕೊಡಲಿಲ್ಲ. ಹಸಿದೇ ಮಲಗಿದರು. ಗೊತ್ತಿಲ್ಲದ ದಾರೀಲಿ ಮಕ್ಕಳ ಕೈಗೆ ಎತ್ತಿನ ಹಗ್ಗ ಕೊಟ್ಟಿದ್ದು ಜಾತಿ.

ಇವತ್ತು ಟೋಲ್‌ನಲ್ಲಿ ಫಾಸ್ಟ್ಯಾಗ್ ಇದೆ, ಅದು ಜಾತಿ ಕೇಳಲ್ಲ. ಆದರೆ ಎರಡು ವರ್ಷದ ಹಿಂದೆ ಹೆದ್ದಾರಿ ಪಕ್ಕದ ಒಂದು ಲಾಡ್ಜ್‌ನಲ್ಲಿ ರೂಮಿದೆ ಅಂದವರು, ಕಾರಿನ ಗಾಜಿನ ಮೇಲಿದ್ದ ಬಾಬಾಸಾಹೇಬರ ಚಿತ್ರ ನೋಡಿ, ಆಧಾರ್‌ನಲ್ಲಿ ಹೆಸರು ಓದಿ, ‘ಫುಲ್ ಆಗಿದೆ’ ಅಂದ್ರು. ನಮ್ಮ ಹಿಂದೆ ಬಂದವರಿಗೆ ಬೀಗದ ಕೈ ಸಿಕ್ತು. ಆಗ ರಾತ್ರಿ ಹನ್ನೊಂದು. ಬೆಳಿಗ್ಗೆಯಿಂದ ಓಡಿಸಿದ್ದ ನನ್ನ ತಮ್ಮ ಮತ್ತೆ ಸ್ಟೇರಿಂಗ್ ಹಿಡಿದ. ಕಣ್ಣು ಎಳೀತಿತ್ತು. ಅವತ್ತು ಆಕ್ಸಿಡೆಂಟ್ ಆಗಿದ್ರೆ ‘ಚಾಲಕನ ನಿದ್ದೆಗಣ್ಣು’ ಅಂತ ಬರೀತಿದ್ರು. ಲಾಡ್ಜಿನವರ ಹೆಸರು ಎಲ್ಲೂ ಬರ್ತಿರಲಿಲ್ಲ.

ಅದಕ್ಕೇ ಹೇಳೋದು, ರಾತ್ರಿ ತಂಗೋ ಜಾಗ ಮುಂಚೆಯೇ ಗಟ್ಟಿ ಮಾಡ್ಕೊಳ್ಳಿ. ಅದು ಕೈಕೊಟ್ರೆ ಅಂತ ಇನ್ನೊಂದು ನೋಡಿಟ್ಟಿರಿ. ಕತ್ತಲಾಗೋದ್ರೊಳಗೆ ಸೇರ್ಕೊಳ್ಳಿ. ಓಡಿಸೋಕೆ ಇಬ್ಬರಿರಲಿ, ಎರಡು ಗಂಟೆಗೊಮ್ಮೆ ಇಳೀರಿ. ಹಿಂದೆ ಕೂತವರೂ ಬೆಲ್ಟ್ ಹಾಕ್ಲಿ, ಮಗುವನ್ನ ಮುಂದಿನ ಸೀಟಲ್ಲಿ ತೊಡೆ ಮೇಲೆ ಕೂರಿಸ್ಬೇಡಿ. ಗಾಡಿ ಕೆಟ್ರೆ ರಸ್ತೆಯ ಎಡ ಅಂಚಿಗೆ ತಂದು, ಎಲ್ಲರೂ ಇಳಿದು ತಡೆಗೋಡೆಯ ಆಚೆ ನಿಲ್ಲಿ. ರಾಷ್ಟ್ರೀಯ ಹೆದ್ದಾರಿ ಸಹಾಯಕ್ಕೆ 1033, ತುರ್ತಿಗೆ 112. ನೀರಿನ ಕ್ಯಾನು ತುಂಬಿರಲಿ. ಊರಲ್ಲಿರೋ ಒಬ್ಬರಿಗೆ ಲೊಕೇಶನ್ ಹೋಗ್ತಿರಲಿ. ಭೀಮರಾವ್ ಬರುವ ಸುದ್ದಿಯ ಪತ್ರ ತಂದೆ ಕೈ ಸೇರಿರಲಿಲ್ಲ, ನೆನಪಿರಲಿ.

ಜಾತಿ ನೋಡಿ ರೂಮು, ಊಟ ಕೊಡದಿದ್ರೆ ಅದು ಸಂವಿಧಾನದ 15(2)ನೇ ವಿಧಿಗೆ ವಿರುದ್ಧ. ಹೊತ್ತು, ಜಾಗ, ಮಾತು ಬರೆದಿಟ್ಕೊಳ್ಳಿ. ಮೊದಲು ಮಕ್ಕಳನ್ನ ಸುರಕ್ಷಿತ ಜಾಗ ಸೇರಿಸಿ, ಆಮೇಲೆ 14566ಕ್ಕೆ ಫೋನ್ ಮಾಡಿ, ದೂರು ಕೊಡಿ. ಗಾಜಿನ ಮೇಲಿನ ಚಿತ್ರ ಕಿತ್ತುಹಾಕಿ ಅಂತ ನಮಗೆ ಸಲಹೆ ಕೊಟ್ಟವರಿದ್ದಾರೆ. ನಾವು ಕಿತ್ತಿಲ್ಲ.

ಅಮೆರಿಕದಲ್ಲಿ ವಿಕ್ಟರ್ ಗ್ರೀನ್ ಅನ್ನೋ ಕಪ್ಪುವರ್ಣೀಯ ಪೋಸ್ಟ್‌ಮ್ಯಾನ್ 1936ರಲ್ಲಿ ತಮ್ಮ ಜನ ಭಯವಿಲ್ಲದೆ ಉಣ್ಣೋ, ತಂಗೋ ಜಾಗಗಳ ಪುಸ್ತಕ ತಂದರು. ನಾವಿಷ್ಟು ಜನ ಇದ್ದೀವಿ. ನಾಗಪುರದ ದಾರೀಲಿ ನಿಮ್ಮನ್ನ ಮರ್ಯಾದೆಯಿಂದ ನೋಡ್ಕೊಂಡ ಲಾಡ್ಜು, ಹೋಟ್ಲು, ಬಾಗಿಲು ತೆರೆದ ವಿಹಾರ ಇದ್ರೆ ಕೆಳಗೆ ಬರೀರಿ. ಪಟ್ಟಿ ನಾನು ಟೈಪ್ ಮಾಡ್ತೀನಿ. ಆಫೀಸಲ್ಲಿ ಇಷ್ಟು ವರ್ಷ ಮಾಡಿದ್ದೂ ಅದೇ ಕೆಲಸ.