ಜೈಲಿನ ಲೆಕ್ಕದಲ್ಲಿ ಮರೆತುಹೋದ ರೋಗಿ

ವೈದ್ಯಕೀಯ ನಿರ್ಲಕ್ಷ್ಯದ ಮಾತು ಬಂದಾಗಲೆಲ್ಲ ನಮ್ಮ ರಾಜಕಾರಣ ಸಜೆಯ ವರ್ಷಗಳನ್ನೇ ಎಣಿಸುತ್ತದೆ. 2023ರ ಭಾರತೀಯ ನ್ಯಾಯ ಸಂಹಿತೆ ನಿರ್ಲಕ್ಷ್ಯದಿಂದಾದ ಸಾವಿಗೆ 5 ವರ್ಷದವರೆಗೆ ಜೈಲು ಇಟ್ಟು, ನೋಂದಾಯಿತ ವೈದ್ಯರಿಗೆ ಮಾತ್ರ 2 ವರ್ಷಕ್ಕೆ ಮಿತಿ ಹಾಕಿತು. ಇದನ್ನು ವೈದ್ಯರಿಗೆ ಕೊಟ್ಟ ರಿಯಾಯಿತಿ ಎಂದೇ ಸಂಸತ್ತಿನಲ್ಲಿ ಹೇಳಲಾಯಿತು. ಆದರೆ ಹಳೆಯ ಭಾರತೀಯ ದಂಡ ಸಂಹಿತೆಯ 304ಎ ಕಲಮಿನಲ್ಲೂ ಮಿತಿ ಎರಡೇ ವರ್ಷ. ಬರೀ ದಂಡ ಹಾಕಿ ಬಿಡುವ ಅವಕಾಶವೂ ಅಲ್ಲಿತ್ತು, ಹೊಸದರಲ್ಲಿ ಅದಿಲ್ಲ. ವೈದ್ಯರಿಗೆ ಹೆಚ್ಚೇನೂ ಉಪಕಾರವಾಗಲಿಲ್ಲ, ರೋಗಿಯ ಕಡೆಯವರಿಗೂ ಏನೂ ದಕ್ಕಲಿಲ್ಲ.

ರೋಗಿಯ ಕಡೆಯವರಿಗೆ ಬೇಕಿರುವುದು ಏನಾಯಿತೆಂಬ ಉತ್ತರ, ಬೇಗನೆ ಪರಿಹಾರ. ಚಿಕಿತ್ಸೆಯಲ್ಲಿನ ನಿರ್ಲಕ್ಷ್ಯದಿಂದ ಅನುರಾಧಾ ಸಾಹಾ ಎಂಬ ರೋಗಿ ತೀರಿಕೊಂಡದ್ದು 1998ರಲ್ಲಿ. ಪರಿಹಾರದ ಮೊತ್ತವನ್ನು ಸುಪ್ರೀಂ ಕೋರ್ಟ್ ನಿಗದಿ ಮಾಡಿದ್ದು 2013ರಲ್ಲಿ. ಸ್ವತಃ ವೈದ್ಯರಾದ ಪತಿ ಹೋರಾಡಿದ ಪ್ರಕರಣಕ್ಕೇ 15 ವರ್ಷ ಹಿಡಿದರೆ, ಕೇಸ್ ಶೀಟ್ ಓದಲು ಬಾರದ ಕುಟುಂಬದ ಗತಿಯೇನು? ಕಾನೂನು ಬಿಗಿಯಾದರೆ ವೈದ್ಯರು ಹೆದರಿ ಬೇಡದ ಪರೀಕ್ಷೆ ಬರೆಯುತ್ತಾರೆ, ಕಷ್ಟದ ರೋಗಿಗಳನ್ನು ಬೇರೆಡೆ ಸಾಗಹಾಕುತ್ತಾರೆ ಎಂಬ ಆಕ್ಷೇಪ ಹಗುರವಾದದ್ದಲ್ಲ. ಆದರೆ ಪರಿಹಾರಕ್ಕೆ ವಿಮೆಯಿದೆ, ಪೊಲೀಸ್ ಠಾಣೆಗೆ ಯಾವ ವಿಮೆಯೂ ಇಲ್ಲ. ಭಯ ಹುಟ್ಟುವುದು ಅಲ್ಲಿ. ಇದನ್ನರಿತೇ ಸುಪ್ರೀಂ ಕೋರ್ಟಿನ 2005ರ ಜೇಕಬ್ ಮ್ಯಾಥ್ಯೂ ತೀರ್ಪು ಘೋರ ನಿರ್ಲಕ್ಷ್ಯಕ್ಕೆ ಮಾತ್ರ ಕ್ರಿಮಿನಲ್ ಮೊಕದ್ದಮೆ, ಅದಕ್ಕೂ ಮೊದಲು ಸ್ವತಂತ್ರ ವೈದ್ಯರ ಅಭಿಪ್ರಾಯ ಎಂದಿತು. ಅಭಿಪ್ರಾಯ ಕೊಡುವವರೂ ವೈದ್ಯರೇ ಆದ್ದರಿಂದ ಜನರ ಅನುಮಾನ ಸಹಜ. ಹಾಗಾಗಿ ಬೇರೆ ಜಿಲ್ಲೆಯ ತಜ್ಞರು ವಿಚಾರಿಸಲಿ, ಕಾರಣಗಳಿರುವ ವರದಿ ಕುಟುಂಬದ ಕೈಗೆ ಸಿಗಲಿ, ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕೆಂಬ ವೈದ್ಯಕೀಯ ಮಂಡಳಿಯ 2002ರ ನಿಯಮವನ್ನು ಮೀರಿದ ಆಸ್ಪತ್ರೆಗೆ ದಂಡ ಬೀಳಲಿ.