ಮಾಮಾನೊಡನೆ ಮಸ್ಕಿಗೆ

ನನಗಾಗ 14 ವರ್ಷ. ಲಿಂಗಸುಗೂರಿನಲ್ಲಿ ವಾಲಿಬಾಲ್ ಪಂದ್ಯ ತೋರಿಸುತ್ತೇನೆಂದು ಸಿಂಧನೂರಿನಿಂದ ಹೊರಡಿಸಿದ ಸೋದರಮಾವ ನಡುದಾರಿಯ ಮಸ್ಕಿಯಲ್ಲೇ ಬಸ್ಸಿನಿಂದ ಇಳಿಸಿಬಿಟ್ಟರು! ಸುಡುಬಿಸಿಲು. ಗುಡ್ಡದ ಬಂಡೆಯೆದುರು ನಿಲ್ಲಿಸಿ ಬೆರಳು ಚಾಚಿದರು: “ನೋಡು ತಮ್ಮಾ, ಇಲ್ಲಿ ಅಶೋಕನ ಹೆಸರದ.” ಉಳಿದ ಶಾಸನಗಳಲ್ಲಿ ಬರಿಯ ‘ದೇವಾನಾಂಪ್ರಿಯ’ನೆಂದೇ ಕಾಣುತ್ತಿದ್ದವನು ಅಶೋಕನೇ ಎಂದು ಖಚಿತವಾದದ್ದು, 1915ರಲ್ಲಿ ಚಿನ್ನದ ಅದಿರು ಅರಸುತ್ತಿದ್ದ ಬೀಡನ್ ಸಾಹೇಬರಿಗೆ ಈ ಬರಹ ಸಿಕ್ಕಮೇಲಂತೆ.

“ಪಂದ್ಯ ಎಷ್ಟಕ್ಕ, ಮಾಮಾ?” ಎಂದೆ. ಅವರ ಮುಖ ಸಣ್ಣದಾಯಿತು.

ಲಿಂಗಸುಗೂರು ಮುಟ್ಟಿದಾಗ ಬಲೆ ಬಿಚ್ಚುತ್ತಿದ್ದರು. ಮರಳುವಾಗ ಅವರು ತೊಡೆಯ ಮೇಲಿಟ್ಟ ಶೇಂಗಾ ಪೊಟ್ಟಣವನ್ನು ನಾನು ಮುಟ್ಟಲಿಲ್ಲ; ಸಿಂಧನೂರಿನವರೆಗೂ ತುಟಿ ಬಿಚ್ಚಲಿಲ್ಲ.

ಮಾಮಾ ತೀರಿಕೊಂಡ ಮೇಲೆ ಒಬ್ಬನೇ ಮಸ್ಕಿಗೆ ಹೋಗಿದ್ದೆ. ಬ್ರಾಹ್ಮಿ ನನಗೆ ಬಾರದು. ಆ ಹೆಸರು ಎಲ್ಲಿದೆಯೆಂದು ಬಹಳ ಹೊತ್ತು ಹುಡುಕಿದೆ.