ತೂತಿನ ದುಡ್ಡು

ಹಳೆಯ ನಾಣ್ಯ ಕೂಡಿಡುವ ಹುಚ್ಚು ನನಗೆ ಹತ್ತಿದ್ದು ಅಕ್ಷರಗಳಿಂದ. ಉರ್ದು ಶಾಲೆಯಲ್ಲಿ ಅಲಿಫ್, ಬೇ ಕಲಿತು ಆಮೇಲೆ ಕನ್ನಡ ಶಾಲೆಯ ಮೆಟ್ಟಿಲು ಹತ್ತಿದ ನನ್ನಂಥವನಿಗೆ, ಸವೆದ ತಾಮ್ರದ ಬಿಲ್ಲೆಯ ಮೇಲಿನ ಪಾರಸಿ ಬರಹವನ್ನು ಕೂಡಿಸಿಕೊಂಡು ಓದುವುದೇ ಒಂದು ಸುಖ. ಬಂಗಾರ, ಬೆಳ್ಳಿಯ ನಾಣ್ಯ ಕೊಳ್ಳುವ ಶಕ್ತಿ ಮಾಸ್ತರಿಕೆಯ ಸಂಬಳಕ್ಕಿಲ್ಲ. ಇರುವುದೆಲ್ಲ ತಾಮ್ರ. ಆದರೂ ಒಂದು ನೇಮ ಇಟ್ಟುಕೊಂಡಿದ್ದೆ: ತೂತು ಬಿದ್ದದ್ದನ್ನು ಕೊಳ್ಳಬಾರದು. 1943ರ ತೂತಿನ ಕಾಸಿನ ಮಾತು ಬೇರೆ. ಯುದ್ಧಕಾಲದಲ್ಲಿ ಲೋಹ ಉಳಿಸಲು ಸರಕಾರವೇ ನಡುವೆ ತೂತಿಟ್ಟು ಟಂಕಿಸಿದ್ದು ಅದು. ಮೊಳೆ ಹೊಡೆದು ಮಾಡಿದ ತೂತು ಹಾಗಲ್ಲ. ಅದು ನಾಣ್ಯಕ್ಕಾದ ಗಾಯ. ಸಂಗ್ರಾಹಕರು ಅಂಥದನ್ನು ಕೈಯಲ್ಲಿ ಹಿಡಿದು ನೋಡಿ ತಿರುಗಿ ಇಟ್ಟುಬಿಡುತ್ತಾರೆ.

ಕೆಲವು ವರ್ಷಗಳ ಹಿಂದೆ ಅಣ್ಣಿಗೇರಿಯಿಂದ ನವಲಗುಂದಕ್ಕೆ ಹೋಗುವ ದಾರಿಯ ಒಂದು ಹಳ್ಳಿಯಿಂದ ಕರೆ ಬಂತು. ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಮನೆ. ಬಿತ್ತನೆಯ ದಿನಗಳು, ಬೀಜ, ಗೊಬ್ಬರಕ್ಕೆ ರೊಕ್ಕ ಬೇಕಾಗಿತ್ತು. ಅಟ್ಟದಿಂದ ಇಳಿಸಿದ ಕಲಘಟಗಿಯ ಬಣ್ಣದ ತೊಟ್ಟಿಲು ಪಡಸಾಲೆಯಲ್ಲಿತ್ತು. ಅದರ ಅಡ್ಡಕೋಲಿನಿಂದ ಕರಿದಾರದಲ್ಲಿ ಒಂದು ತಾಮ್ರದ ದುಡ್ಡು ಜೋಲಾಡುತ್ತಿತ್ತು.

ಕೈಗೆ ತೆಗೆದುಕೊಂಡೆ. ಹನ್ನೊಂದು ಗ್ರಾಮಿನ ಆಸುಪಾಸಿನ ತೂಕ. ಒಂದು ಬದಿಗೆ ಆನೆ. ಟಿಪ್ಪುವಿನ ಪೈಸೆ! ಆನೆಯ ಬೆನ್ನ ಮೇಲೆ ಇಸವಿ ಇರಬೇಕಾದ ಜಾಗದಲ್ಲೇ ತೂತು. ಟಿಪ್ಪು ಮೌಲೂದಿ ಶಕೆ ತಂದ ಮೇಲೆ ಅಂಕಿಗಳನ್ನೂ ಬಲದಿಂದ ಎಡಕ್ಕೆ ಬರೆಸಿದ. ಇಲ್ಲಿ ಒಂದು ಅಂಕಿಯೂ ಉಳಿದಿರಲಿಲ್ಲ. ಹಿಂದೆ ತಿರುಗಿಸಿದೆ. ಊರಿನ ಹೆಸರಿನ ಮೊದಲ ಪದ ಅರ್ಧ ತೂತಿಗೆ ಹೋಗಿತ್ತು. ಎರಡನೆಯದು ಮಾತ್ರ ಸ್ವಚ್ಛ: ಸವಾದ್.

ಎದೆ ಹೊಡೆದುಕೊಂಡಿತು. ಟಿಪ್ಪು ತನ್ನ ಟಂಕಸಾಲೆಯ ಊರುಗಳಿಗೆ ಹೊಸ ಹೆಸರಿಟ್ಟಿದ್ದ. ಚಿತ್ರದುರ್ಗ ಫರ್ರುಖ್‌ಯಾಬ್ ಹಿಸಾರ್ ಆಯಿತು, ಗುತ್ತಿ ಫೈಜ್ ಹಿಸಾರ್ ಆಯಿತು. ನಮ್ಮ ಧಾರವಾಡ ಖುರ್ಷೀದ್ ಸವಾದ್. ಖುರ್ಷೀದ್ ಎಂದರೆ ಸೂರ್ಯ. ಸವಾದ್ ಎಂದರೆ ಕಪ್ಪು, ಊರಿನ ಸುತ್ತಲಿನ ಸೀಮೆ ಎಂದೂ ಅರ್ಥ. ಹೊರಗೆ ಕಣ್ಣು ಹಾಯುವವರೆಗೆ ಎರೆಹೊಲ, ಮೇಲೆ ಬಿಸಿಲು. ಹೆಸರಿಟ್ಟವನ ಮನಸ್ಸಿನಲ್ಲಿ ಏನಿತ್ತೋ, ನನಗಂತೂ ಬಾಗಿಲಾಚೆಯ ನೆಲವೇ ಕಂಡಿತು. ಇಸವಿ ಹೋದರೂ ಕಾಲ ಪೂರ್ತಿ ಹೋಗಿರಲಿಲ್ಲ. ಪರಶುರಾಮ ಭಾವೂನ ಮರಾಠಾ ಸೈನ್ಯ, ಕಂಪನಿಯ ಪಡೆ ಕೂಡಿ ಆರು ತಿಂಗಳಿಗೂ ಮಿಕ್ಕಿ ಮುತ್ತಿಗೆ ಹಾಕಿ, ಬದ್ರುಜ್ಜಮಾನ್ ಖಾನನಿಂದ ಧಾರವಾಡದ ಕೋಟೆ ಪಡೆದದ್ದು 1791ರ ಏಪ್ರಿಲ್‌ನಲ್ಲಿ. ಟಿಪ್ಪುವಿನ ಹೆಸರಿನ ಈ ದುಡ್ಡು ಅದಕ್ಕಿಂತ ಈಚಿನದಾಗಲಾರದು.

"ಹೊಲದಾಗ ಸಿಕ್ಕದ್ದೇನು?" ಎಂದು ಮೊದಲು ಕೇಳಿದೆ. ನೆಲದಲ್ಲಿ ಸಿಕ್ಕ ನಿಧಿಯಾದರೆ 1962ರ ಕಾಯಿದೆಯಂತೆ ಸರಕಾರಕ್ಕೆ ತಿಳಿಸಬೇಕು, ನಾನು ಮುಟ್ಟುವಂತಿಲ್ಲ.

"ಇಲ್ರೀ ಮಾಸ್ತರ್ರ, ನಮ್ಮಜ್ಜನ ಕಾಲದಿಂದ ತೊಟ್ಟಿಲಕ್ಕ ಐತಿ. ಮುನ್ನೂರು ರೂಪಾಯಿ ಕೊಡ್ರಿ ಸಾಕು."

ಇಲ್ಲಿ ನನ್ನ ಒದ್ದಾಟ ಸುರುವಾಯಿತು. ಸುಮ್ಮನೆ ಮುನ್ನೂರು ಎಣಿಸಿ ಕೊಟ್ಟು ಹೊರಡಬಹುದಿತ್ತು. ಮಾರುವವನಿಗೆ ತನ್ನ ಮಾಲಿನ ಗುಣ ಗೊತ್ತಿಲ್ಲದಾಗ, ಕೊಳ್ಳುವವನು ಗೊತ್ತಿದ್ದೂ ಬಾಯಿ ಮುಚ್ಚಿಕೊಂಡರೆ ಅದು ಎಂಥ ವ್ಯಾಪಾರ? ಹೇಳಿದೆ. ಇದು ಯಾರದು, ಎಲ್ಲಿಯದು, ತೂತಿಲ್ಲದಿದ್ದರೆ ಹೆಚ್ಚು ಬೆಲೆ ಇರುತ್ತಿತ್ತು, ತೂತಿನಿಂದ ಎಷ್ಟೋ ಇಳಿದಿದೆ, ಆದರೂ ಮುನ್ನೂರಕ್ಕಿಂತ ಹೆಚ್ಚು ಎಂದೆ. ಹುಡುಗ ತಾಯಿಯ ಮುಖ ನೋಡಿದ.

ನಿಜ ಹೇಳಬೇಕೆಂದರೆ ನನ್ನೊಳಗಿನ ಕತೆಗಾರ ಆಗಲೇ ಎದ್ದು ಕೂತಿದ್ದ. ಟಿಪ್ಪು ಎಂಬ ಹೆಸರು ಬಂದರೆ ಸಾಕು, ಈಗ ಊರು ಎರಡಾಗುತ್ತದೆ. ಲಿಂಗಾಯತರ ಮನೆಯ ತೊಟ್ಟಿಲಿಗೆ ಅವನ ದುಡ್ಡು! ಸೌಹಾರ್ದದ ಮೇಲೆ ಎಂಥ ಲೇಖನವಾದೀತು!

"ಯವ್ವಾ, ಇದನ್ನ ಯಾಕ ಕಟ್ಟಿದ್ರಿ?" ಎಂದೆ, ಬೇಕಾದ ಉತ್ತರಕ್ಕೆ ಕಾಯುತ್ತ.

"ಯಾರ ದುಡ್ಡೋ ನಮಗೇನ ಗೊತ್ತಪಾ. ಆನಿ ಇತ್ತು, ಕೂಸು ನೋಡಿ ನಗತೈತಿ ಅಂತ ಕಟ್ಟಿದ್ವಿ" ಎಂದರು ಮುದುಕಿ.

ನನ್ನ ಲೇಖನ ಅಲ್ಲೇ ಬಿತ್ತು. ನಾಚಿಕೆಯೂ ಆಯಿತು. ಅವರು ಮತ್ತೂ ಹೇಳಿದರು: "ಉಳದ ಹಳೇ ದುಡ್ಡೆಲ್ಲಾ ನಮ್ಮ ಮಾವ ಕಂಚಗಾರಗ ಕೊಟ್ಟು ಕೊಡಾ ಮಾಡಿಸಿದ. ಇದು ತೂತ ಹೊಡದು ಕಟ್ಟಿದ್ದಕ್ಕ ಉಳೀತು."

ಇಷ್ಟು ವರ್ಷ ತೂತನ್ನು ನಾಣ್ಯದ ಕೇಡು ಎಂದೇ ತಿಳಿದಿದ್ದೆ. ಕೆಡದೆ ಉಳಿದ ಇದರ ಜೊತೆಯವು ಕರಗಿ ಕೊಡವಾಗಿದ್ದವು. ಕೆಟ್ಟದ್ದು ಮಾತ್ರ ನನ್ನ ಅಂಗೈ ಮೇಲಿತ್ತು. ಮುಂದೆ ಮಾತಿಲ್ಲದೆ ಎಂಟುನೂರು ಕೊಟ್ಟೆ. ನನ್ನ ನೇಮ ಮುರಿಯಿತು.

ಹೊರಡುವಾಗ ಮುದುಕಿ ಬಾಗಿಲವರೆಗೆ ಬಂದರು. "ಸೊಸಿ ಬಸರಿ ಅದಾಳಪಾ. ತೊಟ್ಟಿಲದಾಗ ಹಾಕೂ ದಿನ ಒಮ್ಮಿ ತಂದಕೊಡ್ತಿಯೇನು?" ಹೂಂ ಎಂದೆ. ದುಡ್ಡು ಕೊಟ್ಟು ಕೊಂಡದ್ದರಲ್ಲಿ ಇನ್ನೊಬ್ಬರ ಪಾಲೂ ಇರಬಹುದೆಂದು ಅದುವರೆಗೆ ನನಗೆ ಹೊಳೆದಿರಲಿಲ್ಲ.

ಮೊಮ್ಮಗಳು ಹುಟ್ಟಿದಾಗ ಒಯ್ದು ಕೊಟ್ಟೆ. ತಿರುಗಿ ಕೇಳಲು ಬಾಯಿ ಬರಲಿಲ್ಲ. ನಾಲ್ಕು ತಿಂಗಳ ಮೇಲೆ ಆ ಹುಡುಗನೇ ಕಾಗದದಲ್ಲಿ ಸುತ್ತಿಕೊಂಡು ತಂದು ನನ್ನ ಕೈಯಲ್ಲಿಟ್ಟ. "ಅವ್ವ ಕೊಟ್ಟು ಬಾ ಅಂದಳ್ರಿ" ಎಂದ. ಹೊಸ ಕರಿದಾರ ಪೋಣಿಸಿತ್ತು.

ದಾರ ಹಸಿ ಹಿಡಿದು ತಾಮ್ರಕ್ಕೆ ಕಿಲುಬು ಹತ್ತಿಸುತ್ತದೆ, ಬಿಚ್ಚಿಬಿಡು ಎಂದು ನಾಣ್ಯದ ಗೆಳೆಯರು ಹೇಳುತ್ತಾರೆ. ಅವರ ಮಾತು ನಿಜ. ಆದರೆ ಸೊಸೆಗೆ ಈಗ ಎರಡನೆಯದು ಎಂದು ಸುದ್ದಿ ಬಂದಿದೆ. ದಾರ ಸದ್ಯ ಹಾಗೇ ಇರಲಿ ಎಂದು ಬಿಟ್ಟಿದ್ದೇನೆ.